ಬಾಗದ ಬೆನ್ನಿಗೆ ಯೋಗ

ನಲವತ್ತು ದಾಟಿದ ಮೇಲೆ ಶರೀರ ನಮ್ಮೊಡನೆ ಮಾತಾಡಲು ತೊಡಗುತ್ತದೆ. ಅದರ ಭಾಷೆ ಮಾತ್ರ ಸೌಮ್ಯವಲ್ಲ. ಬೀದರಿನಿಂದ ಭಾಲ್ಕಿಗೂ ಔರಾದಿಗೂ ಬಸ್ಸಿನಲ್ಲಿ ಓಡಾಡಿ, ತರಗತಿಯಲ್ಲಿ ಗಂಟೆಗಟ್ಟಲೆ ನಿಂತು, ನನ್ನ ಸೊಂಟ ಹಿಡಿದುಕೊಂಡಿತು. ನಿದ್ರೆಯೂ ದೂರವಾಯಿತು. ವೈದ್ಯರು ಒಂದೆರಡು ಗುಳಿಗೆ ಬರೆದು, ಯೋಗಾಸನ ಕಲಿಯಿರಿ ಎಂದರು.

ವಚನಗಳ ಪಾಠ ಹೇಳುವವನಿಗೆ ಯೋಗವೆಂಬ ಶಬ್ದ ಹೊಸದೇನಲ್ಲ. ಶಿವಯೋಗವನ್ನು ಎಷ್ಟೋ ಸಲ ವಿವರಿಸಿದ್ದೇನೆ. ಆ ವಿವರಣೆ ನನ್ನ ಬೆನ್ನಿಗೆ ತಲುಪಿರಲಿಲ್ಲ, ಅಷ್ಟೆ! ಬಾಗಿದರೆ ಬೆರಳು ಮೊಣಕಾಲಿನ ಕೆಳಗಿಳಿಯದು.

ಆಗ ಧೈರ್ಯ ಕೊಟ್ಟದ್ದು ಬಿ.ಕೆ.ಎಸ್. ಅಯ್ಯಂಗಾರರ ಕಥೆ. 1918ರಲ್ಲಿ ಕೋಲಾರದ ಕಡೆಯ ಬೆಳ್ಳೂರಿನಲ್ಲಿ ಹುಟ್ಟಿದ ಅವರು ಮಲೇರಿಯ, ವಿಷಮಜ್ವರ, ಕ್ಷಯಗಳಿಂದ ಬಡಕಲಾದ ಹುಡುಗ. 1934ರಲ್ಲಿ ಮೈಸೂರಿಗೆ ಹೋಗಿ ಭಾವ ಕೃಷ್ಣಮಾಚಾರ್ಯರ ಬಳಿ ಆಸನ ಕಲಿತರು. ಮುಂದೆ ಕುರ್ಚಿ, ಪಟ್ಟಿ, ಮರದ ತುಂಡುಗಳನ್ನೆಲ್ಲ ಆಸನದ ನೆರವಿಗೆ ತಂದರು. ಬಾಗಲಾರದವನ ಸಂಕಟ ಬಲ್ಲವರು! ನಾನೂ ಹಳೆಯ ಧೋತರವೊಂದನ್ನು ಪಾದಕ್ಕೆ ಸುತ್ತಿ ಎಳೆಯತೊಡಗಿದೆ. ಮನೆಯವರು ನಕ್ಕರು, ನಗಲಿ.

ಪತಂಜಲಿ ಆಸನಕ್ಕೆ ಸ್ಥಿರತೆಯೊಡನೆ ಸುಖವನ್ನೂ ಹೇಳಿದ್ದಾನೆ. ನನಗೆ ಆ ಸುಖ ದೊರೆಯಲು ಮೂರು ತಿಂಗಳು ಹಿಡಿಯಿತು. ಬೆರಳು ಇನ್ನೂ ಪಾದ ಮುಟ್ಟಿಲ್ಲ. ಆದರೆ ಉಸಿರನ್ನು ನಿಧಾನವಾಗಿ ಹೊರಬಿಡುವಾಗ ಎದೆಬಡಿತ ಇಳಿಯುವುದು ನನಗೇ ತಿಳಿಯುತ್ತದೆ. ರಾತ್ರಿ ನಿದ್ರೆ ಬರುತ್ತದೆ. ಹಿಂದಿನ ಬೆಂಚಿನ ಪಿಸುಮಾತಿಗೆ ಸಿಡುಕುವ ಮೊದಲು ಒಂದು ಉಸಿರಿನಷ್ಟು ಬಿಡುವು ಸಿಗುತ್ತದೆ. ಆ ಬಿಡುವಿನಲ್ಲಿ ಎಷ್ಟೋ ಮಾತುಗಳು ಉಳಿದುಹೋಗಿವೆ.

ಔರಾದಿನ ಬಸ್ಸು ತಡವಾದರೆ ಈಗ ನಿಲ್ದಾಣದ ಬೆಂಚಿನ ಮೇಲೆ ನೆಟ್ಟಗೆ ಕೂತು, ಕಣ್ಣು ಮುಚ್ಚಿ ಉಸಿರೆಣಿಸುತ್ತೇನೆ. ಮಾಸ್ತರರಿಗೆ ಜೊಂಪು ಹತ್ತಿತೆಂದು ಪಕ್ಕದವರು ನನ್ನ ಚೀಲ ಕಾಯುತ್ತಾರೆ.