ತಂಗಡಗಿಯ ದಂಡೆಯಿಂದ ಹರಿಗೋಲಿನಲ್ಲಿ

ಕೂಡಲಸಂಗಮವನ್ನು ಕಾಣದ ಶರಣ ಮನೆತನಗಳು ವಿರಳ. ಮಲಪ್ರಭೆಯು ಕೃಷ್ಣೆಯಲ್ಲಿ ಬೆರೆಯುವ ಆ ಕ್ಷೇತ್ರವು ಅಣ್ಣ ಬಸವಣ್ಣನವರ ವಿದ್ಯಾಭೂಮಿ, ಐಕ್ಯಭೂಮಿಯೂ ಹೌದು. ಆದರೆ ಕೃಷ್ಣೆಯ ಆಚೆಯ ದಡದ ತಂಗಡಗಿಗೆ ಹೋಗಿಬರುವವರು ಕಡಿಮೆ. ಅದು ಶರಣೆ ನೀಲಮ್ಮನವರು ಐಕ್ಯರಾದ ಪುಣ್ಯನೆಲ. ಅಲ್ಲಿ ದರ್ಶನ ಪಡೆದು ಹೊಳೆಯ ಮೂಲಕವೇ ಸಂಗಮವನ್ನು ಸೇರಬೇಕೆಂಬ ಹಂಬಲ ನಮ್ಮ ಐವರು ಗೆಳೆಯರಲ್ಲಿ ಬಹುದಿನಗಳಿಂದ ಇದ್ದಿತು. ಒಂದು ಕಾರ್ತಿಕ ಮಾಸದಲ್ಲಿ ಅದಕ್ಕೆ ಕಾಲ ಕೂಡಿಬಂದಿತು.

ಬಿದಿರಿನಿಂದ ಹೆಣೆದ ಹರಿಗೋಲು ಬುಟ್ಟಿಯಂತೆ ದುಂಡಗಿರುತ್ತದೆ. ಅದಕ್ಕೆ ಹಿಂದು ಮುಂದು ಎಂಬುದಿಲ್ಲ. ವಯಸ್ಸಾದ ಅಂಬಿಗರೊಬ್ಬರು ಹುಟ್ಟು ಹಾಕುತ್ತಿದ್ದಾಗ ನೆಟ್ಟಗೆ ಸಾಗಿದ ಅದು, ಅವರು ನಗುತ್ತ ಹುಟ್ಟನ್ನು ನಮ್ಮ ಕೈಗಿತ್ತೊಡನೆ ಬೀಸುಕಲ್ಲಿನಂತೆ ನಿಂತಲ್ಲಿಯೇ ಸುತ್ತತೊಡಗಿತು. "ಬಾಜೂಕ ಎಳೀಬ್ಯಾಡ್ರೀ, ಮುಂದಿನ ನೀರು ನಿಮ್ಮ ಕಡೆ ಎಳಕೋರಿ" ಎಂದು ಅವರು ಹೇಳಿಕೊಟ್ಟರೂ ನಮಗೆ ಒಲಿಯಲಿಲ್ಲ.

1982ರಲ್ಲಿ ನಾರಾಯಣಪುರದ ಅಣೆಕಟ್ಟು ಪೂರ್ಣಗೊಂಡ ಮೇಲೆ ಇಲ್ಲಿ ಕೃಷ್ಣೆಯು ಹಿನ್ನೀರಾಗಿ ಹರಡಿಕೊಂಡಿದ್ದಾಳೆ. ಸೆಳವು ಕಡಿಮೆ, ಗಾಳಿಯದೇ ಆಳ್ವಿಕೆ. ನಡುಹೊಳೆಯಲ್ಲಿ ಎದುರುಗಾಳಿ ಬೀಸಿ ತೆರೆಗಳು ಒಳಗೆ ಚಿಮ್ಮಿದವು. ರೊಟ್ಟಿಯ ಗಂಟು ನೆನೆಯಿತು, ಮನೆಗೆಂದು ಕೊಂಡಿದ್ದ ವಿಭೂತಿ ಕರಗಿತು, ಒಬ್ಬರ ಪಾದರಕ್ಷೆ ತೇಲಿಹೋಯಿತು. ಈಜು ಬಾರದ ಗೆಳೆಯರ ವಚನಪಠಣವು ಗಾಳಿ ಏರಿದಂತೆಲ್ಲ ಏರುತ್ತ ಹೋಯಿತು! ಅಂಬಿಗರು ಮಾತ್ರ ಶಾಂತರಾಗಿದ್ದರು. "ಗಾಳಿ ಕೂಡ ಜಿದ್ದು ಹಿಡೀಬಾರದ್ರೀ" ಎಂದವರೇ ಹರಿಗೋಲನ್ನು ಹಿಂದಕ್ಕೆ ತಿರುಗಿಸಿದರು. ಒಂದು ತಾಸಿನ ಬಳಿಕ ಹೊರಟ ದಂಡೆಗೇ ಬಂದಿಳಿದೆವು.

ಮಾತಾಡಿದ ಬಾಡಿಗೆಯನ್ನು ಕೊಡಹೋದಾಗ ಅವರು ಅರ್ಧವನ್ನಷ್ಟೇ ಪಡೆದರು. "ಮುಟ್ಟಿಸದ ದಾರಿಗೆ ಕೂಲಿ ಬ್ಯಾಡ್ರೀ" ಎಂಬುದೇ ಅವರ ವಾದ. ಅವರ ಶ್ರಮ ಇಮ್ಮಡಿಯಾಗಿದ್ದುದನ್ನು ನಾವು ಕಣ್ಣಾರೆ ಕಂಡಿದ್ದೆವು. ಅಂಬಿಗರ ಚೌಡಯ್ಯನವರಂಥ ಶರಣರು ಹುಟ್ಟು ಹಿಡಿದೇ ಅನುಭಾವಿಗಳಾದ ಬಗೆ ಆಗ ನಮಗೆ ಕೊಂಚ ತಿಳಿದಂತಾಯಿತು. ಕಾಯಕವೆಂದರೆ ದುಡಿಮೆಯಷ್ಟೇ ಅಲ್ಲ, ದುಡಿಮೆಯೊಳಗಿನ ಸತ್ಯ.

ಒದ್ದೆ ಬಟ್ಟೆಯಲ್ಲಿ ಕುಳಿತು ಆಚೆಯ ದಡವನ್ನು ನೋಡುತ್ತಿದ್ದಾಗ ನೀಲಮ್ಮನವರ ನೆನಪು ಕಾಡಿತು. ಬಸವಣ್ಣನವರ ಕರೆಯ ಮೇರೆಗೆ ಕಲ್ಯಾಣದಿಂದ ಹೊರಟ ಆ ತಾಯಿಗೆ, ಅವರು ಐಕ್ಯರಾದ ಸುದ್ದಿ ತಂಗಡಗಿಯಲ್ಲಿ ತಿಳಿಯಿತೆಂದು ಪರಂಪರೆ ಹೇಳುತ್ತದೆ. ಅವರು ಹೊಳೆ ದಾಟಲಿಲ್ಲ. ಅಲ್ಲಿರುವ ಸಂಗಯ್ಯ ಇಲ್ಲಿಲ್ಲವೇ ಎಂದು ಕರಸ್ಥಲದ ಇಷ್ಟಲಿಂಗದಲ್ಲಿಯೇ ಬಯಲಾದರು. ದಾಟಲಾಗಲಿಲ್ಲವೆಂಬ ನಮ್ಮ ಕೊರಗು ಅಲ್ಲಿಗೆ ಅಡಗಿತು.

ಸಂಜೆ ರಸ್ತೆಯ ಮಾರ್ಗವಾಗಿ ಸಂಗಮವನ್ನು ಸೇರಿ, ಹಿನ್ನೀರಿನ ನಡುವೆ ಬಾವಿಯಂತೆ ಕಟ್ಟಿರುವ ಆವರಣದ ಮೆಟ್ಟಿಲಿಳಿದು ಐಕ್ಯಮಂಟಪದ ದರ್ಶನ ಪಡೆದೆವು. ಸಂಗಮಕ್ಕೆ ಹೋಗುವ ಬಂಧುಗಳು ತಂಗಡಗಿಯನ್ನೂ ಕಂಡುಬರಬೇಕು. ಹೊಳೆಗಿಳಿಯುವುದಾದರೆ ಗಾಳಿಯಿಲ್ಲದ ಹೊತ್ತು ನೋಡಿ, ಜೀವರಕ್ಷಕ ಕವಚ ಧರಿಸಿ, ಅಂಬಿಗರ ಮಾತಿಗೆ ತಲೆಬಾಗಿ ಕುಳಿತುಕೊಳ್ಳಿರಿ.