ಆರ್ಕಿಡ್ ಕಟ್ಟಿಟ್ಟ ಬುತ್ತಿ

ಡಿಸೆಂಬರ್ ಚಳಿ ಬಿತ್ತೆಂದರೆ ಟರ್ಕಿಯ ಇಸ್ತಾಂಬುಲ್ ನಗರದ ಬೀದಿಗಳಲ್ಲಿ 'ಸಾಲೆಪ್' ಮಾರುವವರು ಕಾಣಿಸಿಕೊಳ್ಳುತ್ತಾರೆ. ಹಾಲು, ಸಕ್ಕರೆಗೆ ಒಂದಿಷ್ಟು ಬಿಳಿ ಪುಡಿ ಹಾಕಿ, ಕೈಬಿಡದೆ ಕಲಕುತ್ತ ಕುದಿಸಿದರೆ ಅದು ಅಂಬಲಿಯಂತೆ ಮಂದವಾಗುತ್ತದೆ. ಮೇಲೊಂದು ಚಿಟಿಕೆ ದಾಲ್ಚಿನ್ನಿ ಪುಡಿ. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದರೇ ಅರ್ಧ ಚಳಿ ಮಾಯ! ಹದಿನೆಂಟನೆಯ ಶತಮಾನದ ಲಂಡನ್ನಿನ ಬೀದಿಗಳಲ್ಲೂ ಇದು 'ಸಲೂಪ್' ಎಂಬ ಹೆಸರಿನಿಂದ ಬಿಕರಿಯಾಗುತ್ತಿತ್ತು.

ಆ ಪುಡಿ ಬರುವುದು ಕಾಡು ಆರ್ಕಿಡ್‌ನ ಬೇರುಗಡ್ಡೆಯಿಂದ. ಮಲೆನಾಡಿಗರ ಸೀತಾಳೆ ದಂಡೆಯೂ ಇದೇ ಕುಟುಂಬದ್ದು. ಆದರೆ ಅದರ ವಾಸ ಮರದ ಮೇಲೆ, ಇದರದು ನೆಲದಲ್ಲಿ.

ಈ ಗಿಡದ ಬುಡದಲ್ಲಿ ಜೋಡಿ ಗಡ್ಡೆಗಳಿರುತ್ತವೆ. ಹಳೆಯದು ಈ ವರ್ಷದ ಹೂವಿಗೆ ಆಹಾರ ಒದಗಿಸಿ ಸುಕ್ಕುಗಟ್ಟುತ್ತದೆ. ಹೊಸದು ಮುಂದಿನ ಚಿಗುರಿಗಾಗಿ ತುಂಬಿಕೊಳ್ಳುತ್ತದೆ. ಒಣ ಬೇಸಿಗೆಯನ್ನು ದಾಟಲು ಗಿಡ ಕಟ್ಟಿಟ್ಟುಕೊಂಡ ಬುತ್ತಿ ಅದು. ಅದರಲ್ಲಿರುವ ಗ್ಲೂಕೋಮನ್ನಾನ್ ಎಂಬ ಸಂಕೀರ್ಣ ಶರ್ಕರ ನೀರು ಹೀರಿ ಉಬ್ಬುವುದರಿಂದಲೇ ಹಾಲು ಮಂದವಾಗುವುದು. ಅಗೆಯುವವರಿಗೆ ಬೇಕಾದದ್ದೂ ದುಂಡಗಿರುವ ಈ ಹೊಸ ಗಡ್ಡೆಯೇ. ಅದನ್ನು ತೊಳೆದು, ಕುದಿಸಿ, ಒಣಗಿಸಿ ಬೀಸಿದರೆ ಸಾಲೆಪ್ ಸಿದ್ಧ. ಆದರೆ ಆ ಗಿಡಕ್ಕೆ ಮರುವರ್ಷವೆಂಬುದಿಲ್ಲ.

ಒಂದು ಕಿಲೋ ಪುಡಿಗೆ 1000ದಿಂದ 4000 ಗಡ್ಡೆಗಳು ಬೇಕು. ಬೀಜ ಬಿತ್ತಿ ಬೆಳೆಯಬಾರದೇ ಎಂದು ಯಾರಾದರೂ ಕೇಳಬಹುದು. ಆರ್ಕಿಡ್ ಬೀಜ ಧೂಳಿನಷ್ಟು ಸಣ್ಣದು. ಅದರೊಳಗೆ ಆಹಾರದ ದಾಸ್ತಾನಿಲ್ಲ. ಮಣ್ಣಿನಲ್ಲಿ ತಕ್ಕ ಶಿಲೀಂಧ್ರ ಜೊತೆಗೂಡಿ ಉಣಿಸಿದರಷ್ಟೇ ಮೊಳಕೆ. ಹೂ ಬಿಡಲು ಮತ್ತೆ ಹಲವು ವರ್ಷ ಕಾಯಬೇಕು. ಹೀಗಾಗಿಯೇ ಟರ್ಕಿ ಈ ಗಡ್ಡೆಗಳ ರಫ್ತನ್ನು ನಿಷೇಧಿಸಿದೆ. ಆದರೂ ಅಗೆತ ನಿಂತಿಲ್ಲ. ಗುಡ್ಡಗಾಡಿನ ಬಡವರಿಗೆ ಅದೂ ಒಂದು ಸಂಪಾದನೆ. ಹಿಮಾಲಯದ 'ಸಾಲಂ ಪಂಜಾ' ಆರ್ಕಿಡ್ ಕೂಡ ಔಷಧಿಗಾಗಿ ಹೀಗೆಯೇ ಅಗೆತಕ್ಕೆ ಸಿಕ್ಕಿ ಅಪರೂಪವಾಗುತ್ತಿದೆ.

ಹಾಗಾದರೆ ಚಳಿಗೊಂದು ಬಟ್ಟಲು ಬಿಸಿ ಪಾನೀಯ ಬೇಡವೇ? ಸುವರ್ಣಗಡ್ಡೆಯ ಹತ್ತಿರದ ಬಂಧುವಾದ ಕೊಂಜಾಕ್ ಗಡ್ಡೆಯಲ್ಲೂ ಗ್ಲೂಕೋಮನ್ನಾನ್ ಹೇರಳವಾಗಿದೆ. ಜಪಾನ್, ಚೀನಾಗಳ ರೈತರು ಅದನ್ನು ಹೊಲದಲ್ಲೇ ಬೆಳೆಯುತ್ತಾರೆ. ಸಾಲೆಪ್ಪಿನ ರುಚಿ ಬಲ್ಲವರು ಇದಕ್ಕೆ ಮೂಗು ಮುರಿದಾರು. ಆದರೆ ಹೊಲದ ಗಡ್ಡೆಯನ್ನು ಕಿತ್ತ ರೈತ ಮರುವರ್ಷಕ್ಕೆಂದು ಮತ್ತೆ ನೆಡುತ್ತಾನೆ. ಗುಡ್ಡದ ಹೂವಿನಿಂದ ಕಸಿದುಕೊಂಡ ಬುತ್ತಿಯನ್ನು ತುಂಬಿಕೊಡುವವರು ಯಾರು?