ಬಾಗಿಲು ತೆರೆದ ಸುದ್ದಿ

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂದರು ಹಿರಿಯರು. ಅವರ ಕಾಲದ ದೀಪಗಳಿಗೆ ತಂತ್ರಾಂಶವಿರಲಿಲ್ಲ. ಇದ್ದಿದ್ದರೆ 'ತಂತ್ರಾಂಶ ಬದಲಿಸಿ ನೋಡು' ಎಂದು ಮೂರನೆಯದನ್ನೂ ಸೇರಿಸುತ್ತಿದ್ದರು.

ನಮ್ಮೂರು ಮಂಗಳೂರು. ಹಾಗೆಂದೊಡನೆ ಕೇಳಿದವರು ಕಡಲು, ಮೀನು ಎಂದು ಕಣ್ಣರಳಿಸುತ್ತಾರೆ. ನಮ್ಮದು ಕೊಪ್ಪಳ ಸೀಮೆಯ ಮಂಗಳೂರು, ಕಡಲಿಲ್ಲ, ಜೋಳವಿದೆ. ಅಲ್ಲಿಯ ದಪ್ಪ ಮಣ್ಣುಗೋಡೆಯ ಮನೆಯಲ್ಲಿ ಅವ್ವ ಒಬ್ಬಳೇ ಇದ್ದಾಳೆ. ನಾನು ಕೊಪ್ಪಳದಲ್ಲಿ ಹುಡುಗರಿಗೆ ಹಳಗನ್ನಡ ಹೇಳಿಕೊಂಡಿದ್ದೇನೆ. ಅಪ್ಪ ಹೋದ ಮೇಲೆ ಎಷ್ಟು ಕರೆದರೂ ಆಕೆ ಬರಲಿಲ್ಲ. ಕೊನೆಗೆ ನನ್ನ ಬದಲು ಯಂತ್ರಗಳನ್ನು ಕೂರಿಸಿ ಬಂದೆ: ರಾತ್ರಿ ಬಚ್ಚಲಿಗೆ ಎದ್ದರೆ ತಾನೇ ಹತ್ತುವ ದೀಪ, ಬೆಳಗ್ಗೆ ಮುಂಬಾಗಿಲು ತೆರೆದೊಡನೆ ನನ್ನ ಫೋನಿಗೆ ಸುದ್ದಿ ಮುಟ್ಟಿಸುವ, ಬೆಂಕಿಪೆಟ್ಟಿಗೆಯಷ್ಟರ ಒಂದು ಸಾಧನ.

ಇವು ಆಡುವ ಭಾಷೆಗೆ ಜಿಗ್‌ಬೀ ಎಂದು ಹೆಸರು. ಗೂಡಿಗೆ ಮರಳಿದ ಜೇನುನೊಣ ಕುಣಿದು ಹೂವಿನ ದಾರಿ ತಿಳಿಸುತ್ತದಲ್ಲ, ಆ ಕುಣಿತದಿಂದ ಬಂದ ಹೆಸರು. ಹೆಸರಿಗೆ ತಕ್ಕಂತೆ ಒಂದು ದೀಪ ಕೇಳಿದ್ದನ್ನು ಇನ್ನೊಂದಕ್ಕೆ ದಾಟಿಸುತ್ತದೆ. ಆದರೆ ಹಾಗೆ ದಾಟಿಸುವವಕ್ಕೆ ಸದಾ ಕರೆಂಟು ಬೇಕು. ಅವ್ವ 'ಸುಮ್ಮನ ಯಾಕ?' ಎಂದು ಗೋಡೆಯ ಸ್ವಿಚ್ಚು ಆರಿಸಿದಳೆಂದರೆ ಅರ್ಧ ಗೂಡೇ ಮೂಕ!

ಹೊಸದಾಗಿ ಕೊಂಡ ಸಾಧನವೊಂದು ಹಳೆಯ ತಂತ್ರಾಂಶಕ್ಕೆ ಅರ್ಥವಾಗಲಿಲ್ಲ. 2018ರಲ್ಲಿ ಹುಟ್ಟಿದ 'ಜಿಗ್‌ಬೀ ಟು ಎಂಕ್ಯೂಟಿಟಿ'ಗೆ ನಾನಾ ಕಂಪನಿಗಳ ಸಾವಿರಾರು ಸಾಧನಗಳ ಪರಿಚಯವಿದೆಯೆಂದು ತಿಳಿದು, ಒಂದು ಭಾನುವಾರ ಬದಲಾವಣೆಗೆ ಕೈ ಹಾಕಿದೆ. ಕಂಪ್ಯೂಟರಿಗೆ ಚುಚ್ಚಿದ ರೇಡಿಯೊ ಕಡ್ಡಿ ಒಂದೇ. ಏಕಕಾಲಕ್ಕೆ ಇಬ್ಬರು ಯಜಮಾನರನ್ನು ಅದು ಒಪ್ಪದು. ಹಳೆಯದನ್ನು ನಿಲ್ಲಿಸಿ ಹೊಸ ಜಾಲ ಕಟ್ಟಿದೆ. ಜಾಲದ ಗುಪ್ತಕೀಲಿ ಬದಲಾದ್ದರಿಂದ, ಪ್ರತಿಯೊಂದು ಸಾಧನವೂ ಹಳೆಯ ಮನೆಯನ್ನು ಮರೆಯುವಂತೆ ಮಾಡಿ ಮತ್ತೆ ಕರೆದುಕೊಳ್ಳಬೇಕಾಯಿತು.

ಸೇರಿದ ಸಾಧನ ಅಂಕಿ ಅಕ್ಷರಗಳ ಉದ್ದ ಸಾಲಾಗಿ ಪರದೆಯ ಮೇಲೆ ನಿಂತು ನಾಮಕರಣಕ್ಕೆ ಕಾಯುತ್ತದೆ. 'ಪಡಸಾಲೆ', 'ಬಚ್ಚಲು' ಎಂದು ಬರೆದೆ. ಮೂರನೆಯದಕ್ಕೆ ಕೈ ತಡೆಯಿತು. ಹಿಂದೆ ಅದು 'ಅಪ್ಪನ ಕೋಣೆ'. ಈಗಲ್ಲಿ ಜೋಳದ ಚೀಲಗಳಿವೆ.

"ಅವ್ವಾ, ಇದಕ್ಕ ಏನಂತ ಬರೀಲಿ?"

"ಏನಂತ ಅಂದ್ರ? ಅಪ್ಪನ ಕ್ವಾಣಿ. ಚೀಲದ ಕ್ವಾಣಿ ಅಂತ ಬರೀತೀಯೇನು?"

ಬರೆದೆ.

ಸಂಜೆಯ ಹೊತ್ತಿಗೆ ದೀಪಗಳೆಲ್ಲ ಸೇರಿದವು. ಬಾಗಿಲಿನದರ ಬ್ಯಾಟರಿ ಮಾತ್ರ ಮುಗಿದಿತ್ತು. ಮರುದಿನ ಕಾಲೇಜು, ಹಾಗೆಯೇ ಬಿಟ್ಟು ಬಂದೆ.

ಆ ವಾರ ಬೆಳಗಿನ ಸುದ್ದಿ ಬರಲಿಲ್ಲ. ಆರು ಗಂಟೆಗೇ ಮನಸ್ಸು ನಿಲ್ಲದೆ ಫೋನ್ ಮಾಡುತ್ತಿದ್ದೆ. ಮಳೆಯ ಮಾತು, ಮಂಡಿನೋವಿನ ಮಾತು, ಪಕ್ಕದ ಮನೆಯ ಹೊಸ ಸೊಸೆಯ ಮಾತು. ಮುಂದಿನ ಭಾನುವಾರ ಬ್ಯಾಟರಿ ಹಿಡಿದು ಸ್ಟೂಲು ಹತ್ತಿದವನನ್ನು ಅವ್ವ ಕೆಳಗಿನಿಂದ ನೋಡಿದಳು.

"ಅದು ಕೆಟ್ಟಿದ್ದ ಚಲೋ ಇತ್ತು ನೋಡಪಾ. ದಿನಾ ಮಾತಾಡಿದಿ."

ಉತ್ತರ ಹೊಳೆಯಲಿಲ್ಲ. ಆ ಸಾಧನ ಬಂದಂದಿನಿಂದ ನನ್ನ ಫೋನು ವಾರಕ್ಕೊಂದಕ್ಕೆ ಇಳಿದಿತ್ತು. ಬಾಗಿಲು ತೆರೆದರೆ ಅವ್ವ ಸುಖವಾಗಿದ್ದಾಳೆಂದು ನನಗೆ ನಾನೇ ಅರ್ಥ ಹೇಳಿಕೊಂಡಿದ್ದೆ. ಪದ್ಯಕ್ಕೆ ಹೀಗೆ ಅರ್ಥ ಬರೆದ ಹುಡುಗರಿಗೆ ನಾನು ಅಂಕ ಕೊಡುವುದಿಲ್ಲ.

ಬಾಗಿಲಿನದನ್ನು ಸೇರಿಸಿಯೇ ಬಂದೆ. ಮುಪ್ಪಿನ ಜೀವ, ಬಿಟ್ಟು ಬರುವ ಧೈರ್ಯವಾಗಲಿಲ್ಲ. ಈಗ ಆರಕ್ಕೆ ಸುದ್ದಿ ಬರುತ್ತದೆ. ಬಂದೊಡನೆ ಫೋನ್ ಮಾಡಿ, ಏನೂ ಅರಿಯದವನಂತೆ ಕೇಳುತ್ತೇನೆ: "ಎದ್ದೀಯೇನವ್ವಾ?"